ನೀವಿಲ್ಲದ ಬುಧವಾರ

ನಾನು ಓದು ನಿಲ್ಲಿಸಿದ್ದು ೧೯೮೯ರಲ್ಲಿ, ಏಳನೆಯ ತರಗತಿಯ ನಡುವೆ. ಗುಂಡ್ಲುಪೇಟೆ ಕಡೆ ಅಜ್ಜಿಯ ಊರಿನಲ್ಲಿದ್ದು ಕನ್ನಡ ಶಾಲೆಗೆ ಹೋಗುತ್ತಿದ್ದೆ. ಅಜ್ಜಿ ತೀರಿಕೊಂಡ ಮೇಲೆ ಅಪ್ಪ ಬಂದು ಗಡಿಯಾಚೆ ತಮಿಳುನಾಡಿನ ಮಸಿನಗುಡಿಗೆ ಕರೆತಂದರು. ಇಲ್ಲಿಯ ಶಾಲೆಯಲ್ಲಿ ಎಲ್ಲವೂ ತಮಿಳು. ಮತ್ತೆ ಒಂದನೆಯ ತರಗತಿಯ ಮಕ್ಕಳ ಜೊತೆ ಕೂರುವುದಕ್ಕಿಂತ ಸಿಮೆಂಟು ಹೊರುತ್ತೇನೆ ಅಂದೆ. ಅಪ್ಪ ಬೇಡ ಅನ್ನಲಿಲ್ಲ. ಹದಿನೆಂಟಕ್ಕೆ ಕರಣೆ ಹಿಡಿದೆ, ಇಪ್ಪತ್ತೈದಕ್ಕೆ ಮೇಸ್ತ್ರಿಯಾದೆ. ನಾನು ಕಟ್ಟಿದ ಗೋಡೆ ಇದುವರೆಗೆ ಒಂದೂ ಬಿರುಕು ಬಿಟ್ಟಿಲ್ಲ. ಆನೆ ತಳ್ಳಿ ಬೀಳಿಸಿದ್ದು ಬೇರೆ ಲೆಕ್ಕ.

ಇದನ್ನು ಸ್ವಲ್ಪ ಹೆಮ್ಮೆಗೇ ಹೇಳುತ್ತಿದ್ದೇನೆ. ಆದರೆ ನನ್ನ ಹತ್ತಿರ ಇರುವ ಅಕ್ಷರವೆಲ್ಲ ಕನ್ನಡದ್ದು, ನನ್ನ ಮಗಳ ಬಾಳಿಗೆ ಬೇಕಾದ ಕಾಗದವೆಲ್ಲ ತಮಿಳಿನದು. ತಮಿಳು ಮಾತಾಡುತ್ತೇನೆ, ತಮಿಳಿನಲ್ಲಿ ಜಗಳವನ್ನೂ ಆಡುತ್ತೇನೆ, ಓದಲು ಬರುವುದಿಲ್ಲ. ಈ ಸಂಗತಿ ಮಸಿನಗುಡಿಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಊಟಿಯಲ್ಲಿ ಒಬ್ಬರಿಗೆ ಮಾತ್ರ ಗೊತ್ತಿತ್ತು. ಅವರು ಈ ವರ್ಷ ತೀರಿಕೊಂಡರು.

ಕಲೆಕ್ಟರ್ ಆಫೀಸಿಗೆ ಹತ್ತುವ ರಸ್ತೆಯಲ್ಲಿ ಜೆರಾಕ್ಸ್ ಅಂಗಡಿಯೊಂದರ ಅರ್ಧ ಭಾಗ ಅವರದು. ಅರ್ಧ ಅಂದರೆ ಒಂದು ಮೇಜು, ಒಂದು ಹಳೆಯ ಟೈಪ್‌ರೈಟರ್, ಗೋಡೆಗೆ ಒತ್ತಿಟ್ಟ ಒಂದು ಬೆಂಚು. ಮನು ಬರೆದುಕೊಡುವುದು ಅವರ ಕೆಲಸ. ಅರ್ಜಿಗೆ ನಮ್ಮ ಕಡೆ ಮನು ಅನ್ನುತ್ತಾರೆ. ಜಮೀನಿನ ಮನು, ಜಗಳದ ಮನು ಬರೆಯುವವರು ಆ ರಸ್ತೆಯಲ್ಲಿ ಇನ್ನೂ ನಾಲ್ಕೈದು ಜನ ಇದ್ದರು. ಇವರು ಬರೆಯುತ್ತಿದ್ದುದು ಅಂಗವಿಕಲರ ಮನೆಯವರಿಗೆ ಮಾತ್ರ. ನೀಲಗಿರಿಯ ಬಡಗ ಜನಾಂಗದ ಹೆಂಗಸು, ಕೋತಗಿರಿ ಕಡೆಯ ಹಟ್ಟಿಯವರು, ಅರವತ್ತರ ಆಸುಪಾಸು. ಎಲ್ಲರೂ ಅವರನ್ನು ಅಕ್ಕ ಅನ್ನುತ್ತಿದ್ದರು, ಅವರಿಗಿಂತ ಹಿರಿಯರೂ. ಗಂಡಸರ ಸ್ವೆಟರ್ ಹಾಕುತ್ತಿದ್ದರು. ಮೊಣಕೈಗಳಿಗೆ ಬೇರೆ ಬಣ್ಣದ ಉಣ್ಣೆಯ ತೇಪೆ. ಟೀ ತರಿಸಿಕೊಂಡು ಲೋಟವನ್ನು ಎರಡೂ ಕೈಯಲ್ಲಿ ಹಿಡಿದು ಬೆರಳು ಕಾಯಿಸಿಕೊಳ್ಳುತ್ತಿದ್ದರು. ಕುಡಿದದ್ದನ್ನು ನಾನು ನೋಡಿಲ್ಲ. ಆರಿದ ಮೇಲೆ ಲೋಟ ಬೆಂಚಿನ ಮೇಲಿದ್ದ ತಮ್ಮನಿಗೆ ಹೋಗುತ್ತಿತ್ತು.

ತಮ್ಮ ಅಂದರೆ ಐವತ್ತು ದಾಟಿದ ಗಂಡಸು. ಮಂಕಿ ಟೋಪಿ, ಮಾತಿಲ್ಲ, ಹುಟ್ಟಿನಿಂದಲೇ ಹಾಗೆ. ದಿನವೂ ಅಕ್ಕನ ಜೊತೆ ಬಸ್ಸಿನಲ್ಲಿ ಬಂದು ಆ ಬೆಂಚಿನಲ್ಲಿ ಕೂತು ವರ್ಕಿ ಅನ್ನುವ ಊಟಿಯ ಬಿಸ್ಕತ್ತನ್ನು ಪದರ ಪದರ ಬಿಡಿಸಿ ತಿನ್ನುತ್ತಿದ್ದರು. ಒಂದು ವರ್ಕಿಗೆ ಒಂದು ಗಂಟೆ. ಮನು ಬರೆದು ಮುಗಿದಾಗಲೆಲ್ಲ ಅಕ್ಕ ಕಾಗದವನ್ನು ಅವರ ಮುಂದೆ ಹಿಡಿದು "ಸರಿಯಾ ತಮ್ಮಾ?" ಅನ್ನುವರು. ಅವರು ಕಾಗದಕ್ಕೆ ಒಂದು ಬೆರಳು ತಾಗಿಸುವರು. ಆಮೇಲೆಯೇ ಅದು ನಮ್ಮ ಕೈಗೆ. ನನ್ನ ಮನುಗಳ ಮೂಲೆಯಲ್ಲಿ ಈಗಲೂ ವರ್ಕಿಯ ಜಿಡ್ಡಿನ ಗುರುತು ಇದೆ.

ಪ್ರತಿ ಮನುವಿಗೂ ಮೂರು ಪ್ರತಿ ಮಾಡಿಸುತ್ತಿದ್ದರು. "ಒಂದು ಆಫೀಸಿಗೆ, ಒಂದು ನಿಮಗೆ, ಒಂದು ಮಳೆಗೆ," ಅನ್ನುತ್ತಿದ್ದರು. ಪುಕ್ಕಟೆ ಬರೆಯುತ್ತಿರಲಿಲ್ಲ, ಪುಕ್ಕಟೆ ಬರೆದರೆ ತಪ್ಪಾದಾಗ ನೀವು ನನ್ನನ್ನು ಬೈಯೋಕೆ ಆಗೋದಿಲ್ಲೆ ಅಂತ ಅವರ ವಾದ. ಇಲ್ಲ ಅನ್ನುವುದಕ್ಕೆ ಬಡಗರು ಇಲ್ಲೆ ಅನ್ನುತ್ತಾರೆ. ಅವರ ಬಡಗವೂ ನನ್ನ ಕನ್ನಡವೂ ಅರ್ಧ ದಾರಿಯಲ್ಲಿ ಸೇರುತ್ತಿದ್ದವು. ಯಾವ ಆಫೀಸಿನಲ್ಲಾದರೂ ನಾಳೆ ಬನ್ನಿ ಅಂದರೆ ಅವರು ವಾದ ಮಾಡುತ್ತಿರಲಿಲ್ಲ. "ಬರ್ತೀವಿ ಸಾರ್. ಇವತ್ತೂ ಬಂದಿದ್ವಿ ಅಂತ ಇದರ ಮೇಲೆ ಒಂದು ಸೀಲ್ ಹಾಕ್ಬಿಡಿ," ಅಂತ ನಿಂತೇ ಇರುತ್ತಿದ್ದರು. ಸೀಲ್ ಹುಡುಕುವುದಕ್ಕಿಂತ ಕೆಲಸ ಮಾಡಿಕೊಡುವುದೇ ಸುಲಭ ಅಂತ ಗುಮಾಸ್ತನಿಗೆ ಅನ್ನಿಸುವವರೆಗೆ ನಿಂತಿರುತ್ತಿದ್ದರು.

ಬುಧವಾರ ಮಾತ್ರ ಅವರು ಸಿಗುತ್ತಿರಲಿಲ್ಲ. ವಾರದ ರಜೆ ಇರಬೇಕು ಅಂದುಕೊಂಡಿದ್ದೆವು.

ನನ್ನ ಮಗಳು ಮಾದೇವಿ. ನಾನು ಮೊದಲು ಅಲ್ಲಿಗೆ ಹೋದಾಗ ಅವಳಿಗೆ ಹದಿನಾರು. ಬುದ್ಧಿ ನಾಲ್ಕೈದು ವರ್ಷದ ಮಗುವಿನಷ್ಟು. ಆಗಾಗ ಫಿಟ್ಸ್ ಬರುತ್ತದೆ. ಅವಳ ತಾಯಿ ತೀರಿಕೊಂಡು ಆಗಲೇ ಆರು ವರ್ಷವಾಗಿತ್ತು. ನಾನು ದುಡಿಯುತ್ತೇನೆ, ಯಾರ ಮುಂದೂ ಕೈ ಚಾಚುವುದಿಲ್ಲ, ನನ್ನ ಮಗಳಿಗೆ ಸರ್ಕಾರದ್ದು ಯಾಕೆ ಅಂತ ಅದುವರೆಗೆ ಯಾವ ಆಫೀಸಿನ ಮೆಟ್ಟಿಲನ್ನೂ ಹತ್ತಿರಲಿಲ್ಲ. ಒಂದು ದಿನ ಗೋಡೆಗೆ ಕಟ್ಟಿದ ಸಾರುವೆಯಿಂದ ಜಾರಿ ಬಿದ್ದೆ. ಸೊಂಟಕ್ಕೆ ಪೆಟ್ಟು, ಇಪ್ಪತ್ತು ದಿನ ಚಾಪೆ. ಮಾದೇವಿ ಪಕ್ಕದಲ್ಲಿ ಕೂತು "ಅಪ್ಪಾ, ಏಳು. ಅನ್ನ," ಅನ್ನುವಳು. ಒಂದು ಗಂಟೆ ಬಿಟ್ಟು ಮತ್ತೆ, "ಅಪ್ಪಾ, ಏಳು." ಏಳಲಾಗದೆ ಹೆಂಚು ನೋಡುತ್ತ ಮಲಗಿದ್ದಾಗ ಆ ಯೋಚನೆ ಮೊದಲ ಸಲ ಬಂತು: ನಾನು ಏಳದೇ ಹೋದರೆ ಇವಳಿಗೆ ಯಾರು? ಬಂದದ್ದು ಇವತ್ತಿನವರೆಗೂ ಹೋಗಿಲ್ಲ. ಗಾರೆ ಕಲಸುವಾಗ ಎದೆಯಲ್ಲಿ ಏನೋ ಚುಚ್ಚಿದರೆ ಸಾಕು, ಕೈ ನಿಲ್ಲುತ್ತದೆ. ಅವಳ ಮಾತ್ರೆ ಯಾವ ಡಬ್ಬಿಯಲ್ಲಿದೆ ಅಂತ ಯಾರಿಗಾದರೂ ಹೇಳಿದ್ದೇನೆಯೇ ಅಂತ ಯೋಚಿಸುತ್ತ ನಿಂತುಬಿಡುತ್ತೇನೆ.

ಎದ್ದು ಓಡಾಡುವಂತಾದ ಮೇಲೆ ಅಂಗವಿಕಲರ ಗುರುತಿನ ಚೀಟಿ ಮಾಡಿಸೋಣ ಅಂತ ತೀರ್ಮಾನಿಸಿದೆ. ಡಾಕ್ಟರು ನೋಡುವ ಕ್ಯಾಂಪಿಗೆ ಇನ್ನೂ ಒಂದು ತಿಂಗಳಿತ್ತು. ಆ ತಿಂಗಳು ಪೂರ್ತಿ ಕೆಲಸದಿಂದ ಬಂದು ಮಗಳಿಗೆ ಪಾಠ ಮಾಡಿದೆ. ಕೈ ಮುಗಿದು ವಣಕ್ಕಂ ಅನ್ನುವುದು, ತಮಿಳಿನಲ್ಲಿ ಹೆಸರು ಹೇಳುವುದು, ಒಂದರಿಂದ ಹತ್ತು ಎಣಿಸುವುದು. ಕ್ಯಾಂಪಿನ ದಿನ ಹೊಸ ಲಂಗ ಉಡಿಸಿ, ಎಣ್ಣೆ ಹಚ್ಚಿ ಜಡೆ ಹಾಕಿಸಿ, ಮಲ್ಲಿಗೆ ಮುಡಿಸಿ ಕರೆದುಕೊಂಡು ಹೋದೆ. ಮಾದೇವಿ ಒಂದೂ ತಪ್ಪು ಮಾಡಲಿಲ್ಲ. ಡಾಕ್ಟರು ಕೈ ತಟ್ಟಿದರು. ನನ್ನ ಎದೆ ಉಬ್ಬಿತು. ಕಾಗದ ಕೈಗೆ ಬಂದಾಗ ಪಕ್ಕದಲ್ಲಿ ಸಾಲಿನಲ್ಲಿದ್ದ ಒಬ್ಬ ತಾಯಿ ಅದನ್ನು ನೋಡಿ, "ಅಯ್ಯೋ, ಇದನ್ನ ತಗೊಂಡು ಅಕ್ಕನ ಹತ್ರ ಹೋಗಿ," ಅಂದರು.

ಅಕ್ಕ ಕಾಗದದ ಮೇಲೆ ಒಮ್ಮೆ ಕಣ್ಣಾಡಿಸಿ ನನಗೇ ವಾಪಸ್ ಕೊಟ್ಟರು. "ಓದಿದ್ರಾ ಅಣ್ಣಾ?"

"ಕನ್ನಡಕ ತರೋದು ಮರ್ತೆ ಅಕ್ಕ."

ಕನ್ನಡಕ ನನ್ನ ಅಂಗಿ ಜೇಬಿನಿಂದ ಅರ್ಧ ಹೊರಗೆ ಇಣುಕುತ್ತಿತ್ತು. ಅವರು ಜೇಬು ನೋಡಿದರು, ಮುಖ ನೋಡಿದರು, ಕಾಗದ ಮತ್ತೆ ತೆಗೆದುಕೊಂಡರು. "ನನಗೂ ಮನಸ್ಸಲ್ಲಿ ಓದಿದ್ರೆ ತಲೆಗೆ ಹೋಗೋದಿಲ್ಲೆ, ಗಟ್ಟಿಯಾಗಿ ಓದ್ತೀನಿ," ಅಂದು ಮೊದಲಿನಿಂದ ಕೊನೆಯವರೆಗೆ ಓದಿದರು. ಆಮೇಲಿನ ನಾಲ್ಕು ವರ್ಷ ನನಗೆ ಬಂದ ಒಂದೊಂದು ಕಾಗದವನ್ನೂ ಹಾಗೇ ಗಟ್ಟಿಯಾಗಿ ಓದಿದರು. ಯಾಕೆ ಅಂತ ನಾನೂ ಹೇಳಲಿಲ್ಲ, ಅವರೂ ಕೇಳಲಿಲ್ಲ.

"ಊನ ಶೇಕಡಾ ಮೂವತ್ತೈದು ಅಂತ ಹಾಕಿದ್ದಾರೆ. ನಲವತ್ತಕ್ಕೆ ಕಡಿಮೆ ಆದ್ರೆ ಯಾವ ಬಾಗಿಲೂ ತೆಗೆಯೋದಿಲ್ಲೆ. ಏನು ಕೇಳಿದ್ರು ಡಾಕ್ಟ್ರು?"

"ಕೇಳಿದ್ದಕ್ಕೆಲ್ಲ ಪಟಪಟ ಅಂತ ಹೇಳಿದ್ಲು ಅಕ್ಕ. ಒಂದು ತಿಂಗಳು ಕಲ್ಸಿದ್ದೆ."

ಅಕ್ಕ ಪೆನ್ನಿನ ಮುಚ್ಚಳವನ್ನು ಹಲ್ಲಿನಿಂದ ತೆಗೆದರು. "ಹೂವು ಮುಡಿಸಿದ್ರಾ?"

"ಮುಡಿಸಿದ್ದೆ."

"ಹೊಸ ಲಂಗ?"

"ಹೊಸದೇ."

"ಸೊಜ್ಜಿ ಬಜ್ಜಿ ಮಾಡ್ಲಿಲ್ವಾ? ಗಂಡಿನ ಕಡೆಯೋರು ಹೆಣ್ಣು ನೋಡೋಕೆ ಬಂದಿದ್ದಾರೆ ಅಂದ್ಕೊಂಡ್ರಾ ಅಣ್ಣಾ?"

ಜೆರಾಕ್ಸಿನವನು ನಕ್ಕುಬಿಟ್ಟ. ನನಗೆ ಸಿಟ್ಟು ನೆತ್ತಿಗೇರಿತು. "ಮತ್ತೇನ್ ಮಾಡ್ಬೇಕಿತ್ತು? ಹರ್ಕಲು ಬಟ್ಟೆ ಹಾಕಿ, ಜೊಲ್ಲು ಸುರಿಸ್ಕೊಂಡು ಕರ್ಕೊಂಡ್ಹೋಗ್ಬೇಕಿತ್ತಾ ನನ್ನ ಮಗಳ್ನ?"

"ಇಲ್ಲೆ. ಹೊಸ ಲಂಗದಲ್ಲೇ ಕರ್ಕೊಂಡು ಹೋಗಿ. ಹತ್ತರ ತನಕ ಎಣಿಸ್ತಾಳೆ, ಸರಿ. ಎರಡು ಲೋಟ ತಾ ಅಂದ್ರೆ ಎರಡು ತರ್ತಾಳಾ?"

ನಾನು ಕನ್ನಡಕವನ್ನು ಜೇಬಿನೊಳಗೆ ತಳ್ಳಿದೆ.

"ಡಾಕ್ಟ್ರು ನೋಡಿದ್ದು ಹತ್ತು ನಿಮಿಷ. ನೀವು ನೋಡಿರೋದು ಹದಿನಾರು ವರ್ಷ. ಎರಡು ಲೋಟ ತರೋದಿಲ್ಲೆ ಅಂತ ಯಾರು ಹೇಳ್ಬೇಕು?" ದನಿ ತಗ್ಗಿಸಿ ಅಂದರು: "ಮಕ್ಕಳ ಮೇಲೆ ಅಕ್ಕರೆ ಇಲ್ಲದೋರು ಈ ತಪ್ಪು ಮಾಡೋದಿಲ್ಲೆ ಅಣ್ಣಾ. ಮಾಡೋದು ನಿಮ್ಮಂಥೋರೇ. ಇಂಥೋರೇ ಬಂದು ಬಂದು ನನಗೆ ಸಾಕಾಗಿದೆ."

ಒಂದು ನೋಟ್‌ಬುಕ್ ತೆಗೆದುಕೊಂಡು ದಿನಾ ಬರೆಯಿರಿ ಅಂದರು. ಅವಳಿಗೆ ಏನು ಬರುವುದಿಲ್ಲ, ಯಾವುದಕ್ಕೆ ಯಾರು ಬೇಕು, ಅಷ್ಟೇ. "ನಿಮಗೆ ಬರೋ ಅಕ್ಷರದಲ್ಲಿ ಬರೀರಿ," ಅಂದರು.

ಶಾಲೆ ಬಿಟ್ಟ ಮೇಲೆ ನಾನು ಅಷ್ಟು ಬರೆದದ್ದು ಅದೇ ಮೊದಲು. ಗುಂಡಿ ಹಾಕಿಕೊಳ್ಳಲು ಬರುವುದಿಲ್ಲ. ಬಿಸಿನೀರಿಗೆ ಕೈ ಹಾಕುತ್ತಾಳೆ. ಮುಟ್ಟಾದಾಗ ಬಟ್ಟೆ ಬದಲಾಯಿಸಲು ಒಬ್ಬರು ಬೇಕು. ಫಿಟ್ಸ್ ಬಂದು ಎದ್ದ ಮೇಲೆ ನನ್ನ ಗುರುತು ಹಿಡಿಯಲು ಸ್ವಲ್ಪ ಹೊತ್ತು ಬೇಕು. ಯಾರು ಕೈ ಹಿಡಿದು ಕರೆದರೂ ಹಿಂದೆ ಹೋಗುತ್ತಾಳೆ. ಈ ಕೊನೆಯದನ್ನು ಬರೆದ ದಿನ ನನಗೆ ಊಟ ಸೇರಲಿಲ್ಲ. ಹದಿನಾರು ವರ್ಷ ನಾನು ಕಂಡೂ ಕಾಣದ ಹಾಗೆ ಇದ್ದದ್ದೆಲ್ಲ ನನ್ನ ಕೈಯಿಂದಲೇ, ನನ್ನ ಅಕ್ಷರದಲ್ಲೇ ಹೊರಬಂತು.

ನೋಟ್‌ಬುಕ್ ಒಯ್ದು ಕೊಟ್ಟೆ. ಅಕ್ಕ ಹಾಳೆ ತಿರುಗಿಸಿ, "ನನಗೆ ಕನ್ನಡ ಓದೋಕೆ ಬರೋದಿಲ್ಲೆ. ನೀವು ಓದಿ, ನಾನು ತಮಿಳಲ್ಲಿ ಬರ್ಕೋತೀನಿ," ಅಂದರು. ಓದಿದವರೊಬ್ಬರು ತನಗೆ ಓದಲು ಬಾರದ್ದನ್ನು ಅಷ್ಟು ಸಲೀಸಾಗಿ ಹೇಳಿದ್ದನ್ನು ನಾನು ಕೇಳಿದ್ದು ಅದೇ ಮೊದಲು. ಓದುತ್ತ ಹೋದೆ. ಎರಡು ಕಡೆ ಅದೇ ಸಾಲನ್ನು ಮತ್ತೆ ಮೊದಲಿನಿಂದ ಓದಬೇಕಾಯಿತು. ಅವರು ತಲೆ ಎತ್ತದೆ, ಪೆನ್ನು ಕೆಡವಿ, ಅದನ್ನು ಹುಡುಕುವವರ ಹಾಗೆ ಮೇಜಿನ ಕೆಳಗೆ ಬಗ್ಗಿದರು.

ಎರಡನೆಯ ಸಲ ಕ್ಯಾಂಪಿಗೆ ಅವರೂ ಬಂದರು. ಒಂದೇ ಷರತ್ತು: ನಾನು ಬಾಯಿ ಬಿಟ್ಟರೆ ಅವರು ಎದ್ದು ಹೋಗುತ್ತಾರೆ. ಮಾದೇವಿ ವಣಕ್ಕಂ ಅಂದಳು. ಡಾಕ್ಟರು ಎರಡು ಪೆನ್ಸಿಲ್ ಕೊಡು ಅಂದರು. ಅವಳು ಡಬ್ಬಿಯನ್ನೇ ಕೊಟ್ಟಳು. ನನ್ನ ನಾಲಗೆ ತುದಿಯಲ್ಲಿ "ಎರಡು ಮೊಗಾ, ಎರಡು" ಅಂತ ಬಂದಿತ್ತು. ಹಲ್ಲು ಕಚ್ಚಿ ಕೂತೆ. ಕಾಗದ ಬಂದಾಗ ಅಕ್ಕ ಓದಿದರು: ಎಪ್ಪತ್ತು. ಗೆದ್ದೆ ಅನ್ನಬೇಕೋ ಸೋತೆ ಅನ್ನಬೇಕೋ ತಿಳಿಯದೆ ಹೊರಗೆ ಬಂದು ಮೆಟ್ಟಿಲ ಮೇಲೆ ಕೂತೆ. ಅಕ್ಕ ಪಕ್ಕದಲ್ಲಿ ಕೂತರು. ಮಾದೇವಿಗೆ ಒಂದು ವರ್ಕಿ ಕೊಟ್ಟರು.

ಚೀಟಿ ಬಂತು, ತಿಂಗಳ ಸಹಾಯಧನ ಬಂತು, ಬಸ್ ಪಾಸ್ ಬಂತು. ನನ್ನ ಪಾಲಿಗೆ ಮುಗಿಯಿತು ಅಂದುಕೊಂಡೆ. ಅಕ್ಕನ ಪಾಲಿಗೆ ಆಗ ಶುರು.

ಮಾದೇವಿಗೆ ಹದಿನೇಳು ನಡೆಯುತ್ತಿದ್ದಾಗ ನನ್ನನ್ನು ಕರೆಸಿಕೊಂಡು ಹೇಳಿದರು: ಹದಿನೆಂಟು ತುಂಬಿದ ದಿನ ಕಾನೂನಿಗೆ ಅವಳು ದೊಡ್ಡವಳು, ಹೆತ್ತ ಅಪ್ಪನಾದರೂ ಅವಳ ಪರವಾಗಿ ಸಹಿ ಹಾಕಬೇಕಾದರೆ ನಾನೇ ಪಾಲಕ ಅಂತ ಕಲೆಕ್ಟರ್ ಸಮಿತಿಯಿಂದ ಆದೇಶ ಬೇಕು. ಅದಕ್ಕೆ ಮನು ಅವರೇ ಬರೆದುಕೊಡುವರು. ಅದಕ್ಕಿಂತ ದೊಡ್ಡದು ಇನ್ನೊಂದು ಕಾಗದ. ನಾನು ಹೋದ ಮೇಲೆ ಅವಳು ಎಲ್ಲಿರಬೇಕು, ಯಾರ ಜೊತೆ, ಮನೆ ಯಾರ ಕೈಯಲ್ಲಿ, ಮಾತ್ರೆ ಯಾವುದು. ಆಗ 'ಇವರನ್ನು ಪಾಲಕರನ್ನಾಗಿ ಮಾಡಿ' ಅಂತ ಕೇಳಿಕೊಳ್ಳುವ ಹೆಸರು. ಅದೇ ಕೊನೆಯ ಮಾತಲ್ಲ, ಆದರೆ ಬರೆದಿಟ್ಟರೆ ಸಮಿತಿಯವರು ನೋಡುತ್ತಾರೆ. ಬರೆಯದಿದ್ದರೆ ನೋಡಲು ಏನೂ ಇರುವುದಿಲ್ಲ.

"ಯಾರ ಹೆಸರು ಬರೀಲಿ?"

"ನನ್ನ ತಮ್ಮ ಅವ್ನೆ ಅಕ್ಕ, ನಂಜನಗೂಡಲ್ಲಿ. ಫ್ಯಾಕ್ಟ್ರಿ ಕೆಲಸ, ಒಳ್ಳೇ ಮನುಷ್ಯ. ಅವನದೇ ಬರೀರಿ."

ಅಕ್ಕ ಬರೆದುಕೊಂಡರು. ಆಮೇಲೆ ಲೋಟ ಹಿಡಿದು ಹಿಂದಕ್ಕೆ ಒರಗಿ, "ಸರಿ. ನೀವಿಲ್ಲದ ಒಂದು ಬುಧವಾರ ಹೇಳಿ ಅಣ್ಣಾ," ಅಂದರು.

ಈ ಪ್ರಶ್ನೆಯನ್ನು ಅವರು ಎಲ್ಲರಿಗೂ ಕೇಳುತ್ತಿದ್ದರು ಅಂತ ನನಗೆ ಆಮೇಲೆ ಗೊತ್ತಾಯಿತು. ಬುಧವಾರವೇ ಯಾಕೆ ಅಂದರೆ, "ಹಬ್ಬ ಇಲ್ಲೆ, ಭಾನುವಾರ ಅಲ್ಲ, ನೆಂಟರು ಬರೋದಿಲ್ಲೆ. ಆವತ್ತು ಯಾರಿರ್ತಾರೋ ಅವರೇ ನಮಗೆ ಇರೋರು." ನನ್ನ ಮುಂದೆಯೇ ಒಬ್ಬ ತಾಯಿ "ನಾನಿಲ್ಲದ ಬುಧವಾರ ಬರೋದೇ ಬೇಡ ಅಕ್ಕ, ಇವನು ನನಗಿಂತ ಮುಂಚೆ ಹೋಗ್ಲಿ" ಅಂದು ಅತ್ತರು. ಅಕ್ಕ ಸಮಾಧಾನ ಹೇಳಲಿಲ್ಲ. ಆ ತಾಯಿ ಮೂಗು ಒರೆಸಿಕೊಳ್ಳುವವರೆಗೂ ಕಾದು, "ಬೆಳಿಗ್ಗೆ ಯಾರು ಎಬ್ಬಿಸ್ತಾರೆ? ಅಲ್ಲಿಂದ ಶುರು ಮಾಡಿ," ಅಂದರು.

ನಾನೂ ಬೆಳಿಗ್ಗೆಯಿಂದ ಶುರು ಮಾಡಿದೆ. ಆರಕ್ಕೆ ರಂಗಿ ಬಂದು ಬಾಗಿಲು ತಟ್ಟುತ್ತಾಳೆ. ಹಲ್ಲುಜ್ಜಿಸಿ ತಲೆ ಬಾಚುತ್ತಾಳೆ. ಹತ್ತಕ್ಕೆ ಲಾಡ್ಜಿನ ಕೆಲಸಕ್ಕೆ ಹೋಗುವಾಗ ಮಾದೇವಿಯನ್ನೂ ಕರೆದೊಯ್ದು ಕಟ್ಟೆಯ ಮೇಲೆ ಕೂರಿಸುತ್ತಾಳೆ. ಮುಟ್ಟಿನ ದಿನಗಳಲ್ಲಿ ರಂಗಿ. ಫಿಟ್ಸ್ ಬಂದರೆ ಮಗ್ಗುಲಿಗೆ ಹೊರಳಿಸಿ ಹಿಡಿಯುವುದು ರಂಗಿ. ಸಂಜೆ ನಾನು ಬರುವುದು ತಡವಾದರೆ ಊಟ ಅವಳ ಮನೆಯಲ್ಲೇ.

"ಯಾರಿದು ರಂಗಿ?"

"ಹಿಂದಿನ ಮನೆಯೋಳು. ಕಾಡಿನ ಹಾಡಿ ಕಡೆಯೋರು. ಗಂಡ ಇಲ್ಲ, ಲಾಡ್ಜಲ್ಲಿ ಕಸ ಗುಡಿಸ್ತಾಳೆ. ಅವ್ಳು ನಮ್ಮೋರಲ್ಲ ಅಕ್ಕ, ಸುಮ್ನೆ ಬಂದು ಹೋಯ್ತಾಳೆ."

ಅಕ್ಕ ತಾವು ಬರೆದುಕೊಂಡ ಹಾಳೆಯನ್ನು ನನ್ನ ಕಡೆ ತಿರುಗಿಸಿದರು. "ಒಂದು ದಿನದಲ್ಲಿ ರಂಗಿ ಹೆಸರು ಆರು ಸಲ ಬಂತು. ತಮ್ಮನ ಹೆಸರು ಒಂದು ಸಲಾನೂ ಬರ್ಲಿಲ್ಲೆ."

"ಊರೇ ಅದೆ ಅಕ್ಕ. ಇಷ್ಟು ವರ್ಷ ಎಲ್ಲಾರ ಮನೇನೂ ಕಟ್ಟಿಕೊಟ್ಟಿದ್ದೀನಿ. ನನ್ನ ಮಗಳ್ನ ಊರು ಬಿಟ್ಬಿಡ್ತದಾ?"

"ಊರಿಗೆ ಸಹಿ ಹಾಕೋ ಕೈ ಇಲ್ಲೆ ಅಣ್ಣಾ. ಒಂದು ಹೆಸರು ಹೇಳಿ."

ಆವತ್ತೇ ತಮ್ಮನಿಗೆ ಫೋನ್ ಮಾಡಿದೆ. ಅವನು ಸುಳ್ಳು ಹೇಳುವವನಲ್ಲ. "ನೋಡ್ಕೋತೀನಿ ಕಣಣ್ಣಾ, ನಾನಿಲ್ವಾ?" ಅಂದವನು, "ಆದ್ರೆ ಮೂರನೇ ಮಹಡಿ ಮನೆ. ಇಬ್ರೂ ಕೆಲಸಕ್ಕೆ ಹೋಯ್ತೀವಿ. ಮೊಗನ್ನ ಒಳಗೆ ಬಿಟ್ಟು ಬೀಗ ಹಾಕ್ಬೇಕಾಯ್ತದೆ," ಅಂದ. ಬೀಗ ಅನ್ನುವ ಆ ಮಾತು ನನ್ನ ಕಿವಿಯಲ್ಲಿ ಹಾಗೇ ಉಳಿಯಿತು.

ಆದರೂ ರಂಗಿಯನ್ನು ಕೇಳಲಿಲ್ಲ. ಹದಿನೆಂಟಕ್ಕೆ ನನ್ನ ಪಾಲಕನ ಆದೇಶ ಬಂತು, ಅಕ್ಕ ಬೆನ್ನು ಹತ್ತಿ ಮಾಡಿಸಿದರು. ಆ ಇನ್ನೊಂದು ಕಾಗದ ಮಾತ್ರ ಹೆಸರಿಲ್ಲದೆ ಅವರ ಮೇಜಿನಲ್ಲೇ ಉಳಿಯಿತು. ತಿಂಗಳಿಗೊಮ್ಮೆ ಫೋನ್ ಮಾಡುವರು. "ಬುಧವಾರ ಏನಾಯ್ತು ಅಣ್ಣಾ?" ಮಳೆ ಮುಗೀಲಿ ಅಕ್ಕ ಅನ್ನುವೆ. ಕೈಗೆ ಹಿಡಿದ ಮನೆ ಮುಗೀಲಿ ಅನ್ನುವೆ. ನಿಜವಾದ ಕಾರಣ ಬೇರೆ. ರಂಗಿಯನ್ನು ಕೇಳಬೇಕಾದರೆ ಇಷ್ಟು ವರ್ಷ ನನ್ನ ಮಗಳನ್ನು ಬೆಳೆಸಿದ್ದು ನಾನೊಬ್ಬನೇ ಅಲ್ಲ ಅಂತ ಮೊದಲು ಒಪ್ಪಬೇಕಿತ್ತು. ಅದೂ ನಾನು ಎಂದೂ ಯಾರ ಮನೆಯಲ್ಲಿ ಕೂತು ಒಂದು ತುತ್ತು ತಿಂದಿಲ್ಲವೋ ಅವಳ ಮುಂದೆ. ಹೀಗೆ ಎರಡು ವರ್ಷ ದೂಡಿದೆ. ಎರಡು ವರ್ಷವೂ ಬೆಳಿಗ್ಗೆ ಎದ್ದಾಗ ಮೊದಲು, ಲಕ್ವ ಹೊಡೆದಿಲ್ಲವಲ್ಲ ಅಂತ, ನನ್ನ ಎಡಗೈ ಆಡಿಸಿ ನೋಡುತ್ತಿದ್ದೆ.

ಒಂದು ಬೆಳಿಗ್ಗೆ ಜೆರಾಕ್ಸಿನವನ ಫೋನ್. "ಮೇಸ್ತ್ರಿ, ಅಕ್ಕ ಹೋಗ್ಬಿಟ್ರು. ಸೋಮವಾರ. ಬಸ್ ಇಳಿದು ಅಂಗಡಿ ತನಕ ಬಂದ್ರು, ಬೆಂಚಲ್ಲಿ ಕೂತ್ರು, ಅಷ್ಟೇ." ನಾಚಿಕೆ ಬಿಟ್ಟು ಹೇಳುತ್ತೇನೆ, ನನಗೆ ಮೊದಲು ಬಂದ ಯೋಚನೆ 'ನನ್ನ ಕಾಗದ?' ಎರಡನೆಯದು ಆ ಮಂಕಿ ಟೋಪಿಯ ತಮ್ಮ. ಇವರಿಗೆ ಇನ್ನು ಯಾರು?

ಕೆಲಸ ಬಿಟ್ಟು ಬಸ್ ಹತ್ತಿದೆ. ಕಲ್ಲಟ್ಟಿ ಘಾಟಿನ ಒಂದೊಂದು ತಿರುವಿನಲ್ಲೂ ನನ್ನ ಭಯಕ್ಕೆ ಒಂದೊಂದು ರೂಪ. ಬೀಗ ಹಾಕಿದ ಕೋಣೆಯಲ್ಲಿ ಆ ಮನುಷ್ಯ. ಬಸ್ ಸ್ಟ್ಯಾಂಡಿನಲ್ಲಿ ಅಕ್ಕನನ್ನು ಹುಡುಕುತ್ತಿರುವ ಆ ಮನುಷ್ಯ. ಕೊನೆಕೊನೆಗೆ ಟೋಪಿಯ ಕೆಳಗಿನ ಮುಖ ಅವರದಾಗಿ ಕಾಣದೆ ಮಾದೇವಿಯದಾಗಿ ಕಾಣತೊಡಗಿತು.

ಅಂಗಡಿ ತೆರೆದಿತ್ತು. ಬೆಂಚಿನಲ್ಲಿ ಅವರು ಕೂತಿದ್ದರು. ಮಡಿಲಲ್ಲಿ ಮೊಣಕೈಗೆ ತೇಪೆ ಹಾಕಿದ ಆ ಸ್ವೆಟರ್, ಕೈಯಲ್ಲಿ ವರ್ಕಿ. ಪಕ್ಕದಲ್ಲಿ ನಲವತ್ತರ ಒಬ್ಬ ಹೆಂಗಸು ಕೂತು ಬೀನ್ಸ್ ಬಿಡಿಸುತ್ತಿದ್ದರು. ಅಕ್ಕನ ಚಿಕ್ಕಪ್ಪನ ಸೊಸೆಯಂತೆ, ಅದೇ ಹಟ್ಟಿ. ಬೆಂಚಿನ ಮೇಲೆ ಗೋಡೆಗೆ ಒಂದು ಹಾಳೆ ಅಂಟಿಸಿತ್ತು, ಅಕ್ಕ ಟೈಪ್ ಮಾಡಿದ್ದು.

"ಏನ್ ಬರೆದದೆ ಅದ್ರಲ್ಲಿ?" ಅಂದೆ.

"ಅಲ್ಲೇ ಅದೆಯಲ್ಲ ಮೇಸ್ತ್ರಿ, ಓದಿ," ಅಂದ ಜೆರಾಕ್ಸಿನವನು.

"ನನಗೆ ತಮಿಳು ಓದೋಕೆ ಬರಲ್ಲ. ನೀನು ಓದು."

ಅವನು ಒಂದು ಕ್ಷಣ ನನ್ನ ಮುಖ ನೋಡಿ ಓದಿದ. ಬೆಳಿಗ್ಗೆ ಟೋಪಿ ತೆಗೆಯಬೇಡಿ, ಸಿಟ್ಟು ಬರುತ್ತದೆ. ವರ್ಕಿ ಮುರಿದು ಕೊಡಬೇಡಿ. ಬಸ್ಸಿನಲ್ಲಿ ಕಿಟಕಿ ಪಕ್ಕ. ರಾತ್ರಿ ಬಿಳಿ ಮಾತ್ರೆ ಅರ್ಧ. ಕೆಮ್ಮಿದರೆ ಎರಡು ದಿನ ನೋಡಿ, ಮೂರನೆಯ ದಿನ ಆಸ್ಪತ್ರೆ. ನನ್ನನ್ನು ಹುಡುಕಿದರೆ ಬರ್ತಾಳೆ ಅಂತ ಸುಳ್ಳು ಹೇಳಬೇಡಿ, ಸ್ವೆಟರ್ ಕೊಡಿ. ಅದರ ಕೆಳಗೆ ಎರಡು ಹೆಸರು, ಎರಡು ಫೋನ್ ನಂಬರ್.

"ನಿಮಗೆ ಕಷ್ಟ ಆಗಲ್ವಾ ಅಮ್ಮಾ, ಒಮ್ಮೆಲೇ?" ಅಂತ ಆ ಹೆಂಗಸನ್ನು ಕೇಳಿದೆ.

"ಒಮ್ಮೆಲೇ ಎಲ್ಲಿ? ನಾಲ್ಕು ವರ್ಷದಿಂದ ಬುಧವಾರ ಬುಧವಾರ ನಾನೇ ಬರ್ತಿದ್ದೆ. ಅತ್ತಿಗೆ ಬೇಕಂತಲೇ ಇರ್ತಿರಲಿಲ್ಲೆ. ಎದುರಿನ ಟೀ ಅಂಗಡಿ ಮಹಡಿಯಲ್ಲಿ ಕಿಟಕಿ ಹತ್ರ ಕೂತು ನೋಡ್ತಿದ್ರು. ಮೊದಲನೇ ವರ್ಷ ಹತ್ತು ಸಲ ಓಡಿ ಬಂದ್ರು, ಹಂಗಲ್ಲ ಹಿಂಗೆ ಅಂತ ಬೈಯೋಕೆ. ಎರಡನೇ ವರ್ಷ ಎರಡೇ ಸಲ. ಆಮೇಲೆ ಬರಲಿಲ್ಲೆ." ಬೀನ್ಸಿನ ನಾರನ್ನು ಹಾಳೆಯ ಮೇಲೆ ಹಾಕುತ್ತ ನಕ್ಕರು. "ಟೀ ಅಂಗಡಿಯೋನು ಕೇಳ್ತಿದ್ನಂತೆ, ಒಂದು ಟೀಗೆ ಇಡೀ ದಿನ ಕೂರ್ತೀಯಲ್ಲಕ್ಕಾ, ಕುಡಿಯೋದೂ ಇಲ್ಲ, ಅಂತ."

ನನ್ನ ಕಾಗದ ಮೇಜಿನ ಡ್ರಾಯರಿನಲ್ಲಿ ನನ್ನ ಹೆಸರಿನ ಕವರಿನಲ್ಲಿ ಇತ್ತು. ಮೂರು ಪ್ರತಿ. ಮೂರರಲ್ಲೂ ಒಂದೇ ಕಡೆ ಎರಡು ಗೆರೆ ಖಾಲಿ.

ಮಾರನೆಯ ಬೆಳಿಗ್ಗೆ ರಂಗಿ ನಮ್ಮ ಜಗಲಿಯಲ್ಲಿ ಮಾದೇವಿಯ ತಲೆ ಬಾಚುತ್ತಿದ್ದಳು. ನಾನು ಹೋಗಿ ನಿಂತೆ.

"ರಂಗಿ, ಒಂದು ಮಾತು."

"ನಿಂತ್ಕೊಂಡು ಹೇಳೋ ಮಾತಾ, ಕೂತ್ಕೊಂಡು ಹೇಳೋ ಮಾತಾ ಮೇಸ್ತ್ರಿ?"

ಕೂತೆ. "ನಾನು ಇಲ್ದೆ ಹೋದ್ರೆ ಮಾದೇವಿನ..."

"ಎಲ್ಲಿಗ್ ಹೋಯ್ತೀಯ?"

"ಸತ್ರೆ."

"ಸಾಯೋಕ್ ಮುಂಚೆ ನಮ್ಮನೆ ಹಿಂದ್ಗಡೆ ಗೋಡೆ ಗಾರೆ ಮಾಡ್ಕೊಟ್ಟು ಸಾಯಿ. ಹೇಳಿ ಮೂರು ವರ್ಷ ಆಯ್ತು." ಬಾಚಣಿಗೆ ನಿಲ್ಲಲಿಲ್ಲ.

ಕಾಗದದ ಸಂಗತಿ ಹೇಳಿದೆ. ಅವಳ ಹೆಸರು ಬರೆಸಬೇಕು ಅಂತಿದ್ದೇನೆ ಅಂದೆ. ಆಗ ಬಾಚಣಿಗೆ ನಿಂತಿತು.

"ನನ್ ಹೆಸ್ರಾ? ತಮ್ಮನ ಹೆಸ್ರು ಬರ್ಸಿದ್ದೀನಿ ಅಂತ ಊರೆಲ್ಲ ಹೇಳ್ಕೊಂಡ್ ಬಂದಿದ್ಯಲ್ಲ."

"ಬರ್ಸಿಲ್ಲ."

"ನಮ್ಮನೇಲಿ ಒಂದು ದಿನ ಕೂತು ಉಂಡಿದ್ದೀಯಾ ನೀನು?"

ನಾನು ಜಗಲಿಯ ಅಂಚಿನ ಗಾರೆಯನ್ನು ಉಗುರಿನಿಂದ ಕೆರೆದೆ.

"ನಿನ್ ಮಗ್ಳು ಉಣ್ತಾಳೆ, ನೀನು ಉಣ್ಣಲ್ಲ. ಬಾಗ್ಲಲ್ಲಿ ನಿಂತು 'ಮೊಗ ಉಂಡ್ಲಾ' ಅಂತ ಕೇಳಿ ಹೋಯ್ತೀಯ. ಇನ್ನು ನಾ ಬೆಳ್ಸಬೇಕು, ನಿನ್ ಕಾಗದಕ್ಕೆ ಹೆಬ್ಬೆಟ್ಟೂ ಒತ್ತಬೇಕು." ಜಡೆ ಬಿಗಿದು ಕಟ್ಟಿ ಎದ್ದಳು. "ಬಾ, ಮೊದ್ಲು ಉಣ್ಣು. ಆಮೇಲೆ ಕಾಗದ."

ಅವಳ ಮನೆಯ ಒಳಗೆ ಹೋದದ್ದು ಅದೇ ಮೊದಲು. ರಾಗಿಮುದ್ದೆ, ಸೊಪ್ಪಿನ ಸಾರು. ಮಾದೇವಿ ನನ್ನ ಪಕ್ಕ ಕೂತು ಅಲ್ಲಿ ತಟ್ಟೆ ಎಲ್ಲಿದೆ, ನೀರು ಎಲ್ಲಿದೆ ಅಂತ ನನಗೆ ತೋರಿಸಿದಳು. ನಮ್ಮ ಮನೆಯಲ್ಲಿ ಅವಳು ಒಂದು ದಿನವೂ ತಾನಾಗಿ ತಟ್ಟೆ ತೆಗೆದವಳಲ್ಲ. ಈ ನಾಲ್ಕು ವರ್ಷ ಬರೆದ ನೋಟ್‌ಬುಕ್ಕಿನಲ್ಲಿ ಇದು ಎಲ್ಲೂ ಇರಲಿಲ್ಲ.

ಕೈ ತೊಳೆದ ಮೇಲೆ ರಂಗಿ ಅಂದಳು, "ಒತ್ತೀನಿ ಬುಡು. ಆದ್ರೆ ನಿಂಗಿಂತ ನಾನು ನಾಕು ವರ್ಷ ದೊಡ್ಡೋಳು. ನಾನೇನ್ ಕಲ್ಲಾ? ನಾ ಸತ್ರೆ ಯಾರು ಅಂತ ಅದ್ರಲ್ಲಿ ಕೇಳವ್ರಾ?"

"ಕೇಳವ್ರೆ. ಎರಡನೇ ಗೆರೆ ಅದೆ."

"ಯಾರ್ ಹೆಸ್ರು?"

"ಗೊತ್ತಿಲ್ಲ."

"ಹುಡ್ಕು ಮತ್ತೆ. ಬೇಗ ಹುಡ್ಕು," ಅಂದಳು. ಅವಳ ದನಿಯಲ್ಲಿ ಆವತ್ತು ಮೊದಲ ಸಲ ನನ್ನ ಭಯ ಕೇಳಿಸಿತು.

ಊಟಿಗೆ ಹೋಗಿ ಕಾಗದ ಮುಗಿಸಿದೆವು. ಸಾಕ್ಷಿಗೆ ಜೆರಾಕ್ಸಿನವನು ಮತ್ತು ಅಕ್ಕನ ಚಿಕ್ಕಪ್ಪನ ಸೊಸೆ. ಎರಡನೆಯ ಹೆಸರು ಸಿಕ್ಕಾಗ ಹೊಸದಾಗಿ ಬರೆದು ಮತ್ತೆ ಸಹಿ ಮಾಡಿಸೋಣ ಅಂದ ಜೆರಾಕ್ಸಿನವನು. ಅಕ್ಕನ ಮೇಜಿಗೆ ಇನ್ನೂ ಯಾರೂ ಬಂದಿಲ್ಲ. ಕಲೆಕ್ಟರು ಮನು ತೆಗೆದುಕೊಳ್ಳುವ ಸೋಮವಾರಗಳಲ್ಲಿ ಜನ ಬಂದು, ಬೆಂಚು ನೋಡಿ, ಸ್ವಲ್ಪ ಹೊತ್ತು ನಿಂತು ಹೋಗುತ್ತಾರಂತೆ. ಕನ್ನಡದವರು ಯಾರಾದರೂ ಬಂದರೆ ನನಗೆ ಫೋನ್ ಮಾಡು ಅಂತ ಹೇಳಿ ಬಂದಿದ್ದೇನೆ. ತಮಿಳಿನಲ್ಲಿ ಬರೆಯಲು ನನಗೆ ಬರುವುದಿಲ್ಲ. ಏನು ಬರೆಸಬೇಕು ಅಂತ ಹೇಳಲು ಬರುತ್ತದೆ.

ಈಗ ಬುಧವಾರ ಬುಧವಾರ ದೂರದ ತೊರಪಳ್ಳಿಯಲ್ಲಿ ಕೆಲಸ ಹಿಡಿದಿದ್ದೇನೆ, ಬೇಕೆಂದೇ. ಮೊದಲ ವಾರ ಮಧ್ಯಾಹ್ನಕ್ಕೇ ವಾಪಸ್ ಬಂದುಬಿಟ್ಟೆ. ರಂಗಿ ಬೈದು ಕಳಿಸಿದಳು. ಹೋದ ವಾರ ಸಂಜೆಯವರೆಗೂ ಇದ್ದೆ, ಆದರೆ ಗೋಡೆ ಒಂದು ಬೆರಳು ಓರೆಯಾಗಿ ಕಟ್ಟಿ ಮತ್ತೆ ಬಿಚ್ಚಬೇಕಾಯಿತು.

ನನ್ನ ಹತ್ತಿರ ಈಗ ಇರುವುದು ಇಷ್ಟು. ಎರಡು ಕೋಣೆಯ ಒಂದು ಮನೆ. ಎಪ್ಪತ್ತು ಎಂದು ಬರೆದ ಒಂದು ಚೀಟಿ. ನಾನೇ ಪಾಲಕ ಎನ್ನುವ ಒಂದು ಆದೇಶ. ನನ್ನ ನಂತರದ ಕಾಗದ ಒಂದು. ಅದರಲ್ಲಿ ಒಂದು ಹೆಸರು, ಒಂದು ಹೆಬ್ಬೆಟ್ಟು, ಒಂದು ಖಾಲಿ ಗೆರೆ. ನಲವತ್ತೊಂಬತ್ತು ವರ್ಷದ ನಾನು, ಐವತ್ತಮೂರರ ರಂಗಿ, ಇಪ್ಪತ್ತರ ಮಾದೇವಿ.